ಗಿಟಾರಿನ ಮೇಲೆ ಆನೆಗಳ ಸಾಲು

ನನ್ನ ಹೆಂಡತಿ ವಸುಧಾಳ ಗಿಟಾರಿನ ಮೈಮೇಲೆ ಒಂದು ಒಡವೆಯೂ ಇರಲಿಲ್ಲ. ನಡುವಿನ ದುಂಡು ತೂತಿನ ಸುತ್ತ ಒಂದು ಕಪ್ಪು ಗೆರೆ, ಅಷ್ಟೇ. ಉಳಿದದ್ದೆಲ್ಲ ತಿಳಿ ಹಳದಿ ಬಣ್ಣದ ಬೋಳು ಮರ. ಅದನ್ನು ನೋಡಿದಾಗಲೆಲ್ಲ ಮದುವೆಮನೆಗೆ ಬರಿಗೊರಳಲ್ಲಿ ಬಂದ ಹೆಣ್ಣುಮಗಳನ್ನು ಕಂಡ ಹಾಗೆ ನನಗೆ ಸಂಕಟವಾಗುತ್ತಿತ್ತು. ಈ ಕೊರತೆಯನ್ನು ನೀಗುವ ಅರ್ಹತೆ ಇಡೀ ಅರಸೀಕೆರೆಯಲ್ಲಿ ನನ್ನೊಬ್ಬನಿಗೇ ಇದೆಯೆಂಬುದರಲ್ಲಿ ಅನುಮಾನವೂ ಇರಲಿಲ್ಲ. ನಾನು ಇತಿಹಾಸದ ಎಂ.ಎ. ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಹೊಯ್ಸಳ ಶಿಲ್ಪದ ಪಾಠ ಮಾಡುವವನು!

ವಸುಧಾ ಹಾರನಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ಗಿಟಾರ್ ಕಲಿಯಲು ಹೊರಟಾಗ ನೆಂಟರು ನಕ್ಕರು. ನಾನೂ ನಕ್ಕೆನೇ? ಇಲ್ಲವೆಂದು ನನ್ನ ನೆನಪು. ನಕ್ಕಿರೆಂದು ಅವಳ ನೆನಪು. ಎರಡು ವರ್ಷ ಬೆರಳ ತುದಿ ಜಡ್ಡುಗಟ್ಟುವವರೆಗೆ ನುಡಿಸಿ, ತಾನೇ ಕಟ್ಟಿದ ನಾಲ್ಕು ನಿಮಿಷದ ಒಂದು ಟ್ಯೂನನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ನುಡಿಸಲು ಒಪ್ಪಿಕೊಂಡಳು. ಜನರ ಎದುರು ಅದೇ ಮೊದಲು. ಅದಕ್ಕೆ ಮುಂಚೆ ಶಿಕ್ಷಕರ ತರಬೇತಿಗೆಂದು ಮೂರು ದಿನ ಹಾಸನಕ್ಕೆ ಹೋದಳು. ಗಿಟಾರ್ ಮನೆಯಲ್ಲಿತ್ತು. ನಾನೂ ಮನೆಯಲ್ಲಿದ್ದೆ. ಅನಾಹುತಕ್ಕೆ ಇನ್ನೇನು ಬೇಕು!

ಅವಳು ಹುಟ್ಟಿ ಬೆಳೆದದ್ದು ಹಳೇಬೀಡಿನಲ್ಲಿ. ಗಿಟಾರ್ ಕೊಂಡ ದಿನ ಅಂಗಡಿಯಲ್ಲಿ ಬಳ್ಳಿ, ಹಕ್ಕಿ, ಮುತ್ತಿನ ಚಿಪ್ಪಿನ ಹೂಗಳಿದ್ದ ಗಿಟಾರೊಂದನ್ನು ಅವಳು ಬಹಳ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು, ಕೊನೆಗೆ ಈ ಬೋಳು ಗಿಟಾರನ್ನು ಎತ್ತಿಕೊಂಡದ್ದು ನನಗೆ ಚೆನ್ನಾಗಿ ನೆನಪಿತ್ತು. ಆ ನಿಟ್ಟುಸಿರಿಗೆ ಉತ್ತರ ಕೊಡುವ ಕಾಲ ಈಗ ಬಂದಿತ್ತು. ಗಿಟಾರನ್ನು ಹೆಗಲಿಗೇರಿಸಿ ಹಳೇಬೀಡಿನ ಬಸ್ಸು ಹತ್ತಿದೆ.

ಅಲ್ಲಿ ಕಾಳಾಚಾರ್ ಎಂಬುವರು ಬಾಗಿಲು, ದೇವರ ಮಂಟಪಗಳಿಗೆ ಕೆತ್ತನೆ ಮಾಡುತ್ತಾರೆ. ಗಿಟಾರನ್ನು ಬೆರಳಲ್ಲಿ ತಟ್ಟಿ ನೋಡಿ ಅವರು ತಲೆ ಆಡಿಸಿದರು.

"ಮೇಷ್ಟ್ರೇ, ಇದು ಹಪ್ಪಳದಂಗೈತೆ. ಉಳಿ ಇಟ್ರೆ ಆಚೆ ಕಡೆ ಬತ್ತೈತೆ."

ಬೇಕಾದರೆ ಬೀಟೆ ಮರದಲ್ಲಿ ತೆಳ್ಳಗೆ ಕೊರೆದು ಅಂಟಿಸಬಹುದು, ತೂತಿನ ಸುತ್ತ ಒಂದು ಸಣ್ಣ ಬಳ್ಳಿ ಸಾಕು ಎಂದರು. ಇಲ್ಲಿಗೆ ನಾನು ಸುಮ್ಮನಾಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಬುಡದಲ್ಲಿ ಏನೂ ಇಲ್ಲದೆ ಮೇಲೆ ಬಳ್ಳಿ ಮಾತ್ರ ಹಬ್ಬುವುದೆಂದರೇನು? ಕೆಳಗೆ ಆನೆ, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಎಂದು ಅವರ ಊರಿನ ದೇವಸ್ಥಾನದ ಪಾಠವನ್ನು ಅವರಿಗೇ ಮಾಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಅಲ್ಲಿ ಕಲ್ಲಿನ ಭಾರ ಹೊರಕ್ಕೆ ಆನೆ ಐತೆ ಮೇಷ್ಟ್ರೇ. ಇಲ್ಲಿ ಏನ್ ಹೊರಬೇಕು?"

ನಾನು ನಕ್ಕೆ. ಎಂ.ಎ. ಮಾಡಿದವನ ನಗು.

ಎರಡು ದಿನ ಬಸ್ಸಿನಲ್ಲಿ ಹೋಗಿ ಬಂದೆ. ಕಾಲಾವಕಾಶದ ಅಭಾವದಿಂದ ಸಿಂಹ, ಕುದುರೆಗಳನ್ನು ಕೈಬಿಡಲಾಯಿತು. ತೂತಿನ ಸುತ್ತ ಬಳ್ಳಿ, ಬುಡದಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಹನ್ನೊಂದು ಆನೆ. ಕೊನೆಯದಕ್ಕೆ ಜಾಗ ಸಾಲದೆ ಬಾಲ ಬರಲಿಲ್ಲ. ಅಂಟು ಚೆನ್ನಾಗಿ ಕೂರಲು ಒಂದು ವಾರ ಬೇಕೆಂದು ಆಚಾರ್ರು ಹೇಳಿದ್ದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ವಾಪಸ್ಸು ಬರುವಾಗ ಜಾವಗಲ್ಲಿನಲ್ಲಿ ಬಸ್ಸು ಹತ್ತಿದ ಅಜ್ಜಿಯೊಬ್ಬರು ಗಿಟಾರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಯಾವ ದೇವರದಪ್ಪ ಎಂದು ಕೇಳಿದರು. ನನಗೆ ಹೆಮ್ಮೆಯಾಯಿತು!

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ವಸುಧಾ ಬಂದಳು. ಚೀಲದ ಜಿಪ್ಪು ಎಳೆದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳು.

"ಹನ್ನೊಂದು," ಅಂದಳು. "ಒಂದಕ್ಕೆ ಬಾಲ ಇಲ್ಲ."

ಆಮೇಲೆ ಮೆಲ್ಲಗೆ ಹೇಳಿದಳು: "ರೀ, ನಮ್ಮೂರಲ್ಲಿ ಕಣ್ಣಿಟ್ಟ ಕಡೆ ಯಾರೋ ಕುಣೀತಿರ್ತಾರೆ, ಯಾರೋ ಯುದ್ಧ ಮಾಡ್ತಿರ್ತಾರೆ. ಇದರ ಮೇಲೆ ಏನೂ ಇಲ್ಲ ಅಂತಾನೇ ಇದನ್ನ ತಗೊಂಡಿದ್ದು. ಕಣ್ಣಿಗೆ ಕೂರೋಕೊಂದು ಜಾಗ ಇತ್ತು."

ಒಳಗೆ ಹೋಗಿ ಗಿಟಾರ್ ಕೊಂಡ ದಿನದ ಡೈರಿ ತೆಗೆದು ನೋಡಿದೆ. ನನ್ನದೇ ಅಕ್ಷರ: 'ಬಳ್ಳಿಯ ಗಿಟಾರನ್ನು ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ವಸುಧಾ ನಿಟ್ಟುಸಿರು ಬಿಟ್ಟು, ಹೊತ್ತಾಯ್ತು ಬನ್ನಿ ಅಂದಳು.' ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುವ ವೃತ್ತಿ ನನ್ನದು.

ಅಷ್ಟರಲ್ಲಿ ಹೊರಗಿನಿಂದ ಒಂದು ಸದ್ದು. ದಪ್ಪ ತಂತಿಯನ್ನು ಮೀಟಿದಾಗಲೆಲ್ಲ ಐದನೆಯ ಆನೆ ಗುರ್ರ್ ಎನ್ನುತ್ತಿತ್ತು. ಅಂಟು ಹಿಡಿದಿರಲಿಲ್ಲ. ಕೀಳೋಣವೆಂದರೆ ಹೊಟ್ಟೆಯ ಕಡೆ ಬಿಟ್ಟಿತ್ತು, ಸೊಂಡಿಲ ಕಡೆ ಕಚ್ಚಿಕೊಂಡಿತ್ತು. ಎಳೆದರೆ ಗಿಟಾರಿನ ಚಕ್ಕೆಯೂ ಏಳುತ್ತಿತ್ತು. ಟೇಪು ಹಚ್ಚಿದೆವು. ಟೇಪೂ ಗುರುಗುಟ್ಟಿತು. ಬೇರೆ ಗಿಟಾರನ್ನು ಹುಡುಕಲು ಸಮಯವಿರಲಿಲ್ಲ. ಹೆಡ್‌ಮೇಷ್ಟ್ರಿಗೆ ಫೋನ್ ಮಾಡಿ ಆಗೋದಿಲ್ಲ ಅಂತ ಹೇಳಿಬಿಡ್ತೀನಿ ಎಂದು ಅವಳು ತಲೆ ತಗ್ಗಿಸಿ ಕೂತಳು. ಎರಡು ವರ್ಷ ಪಳಗಿದ ಬೆರಳುಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅದನ್ನು ನೋಡಲಾರದೆ ನಾನು ಆನೆಯ ಹೊಟ್ಟೆಯನ್ನು ತೋರುಬೆರಳಿನಿಂದ ಒತ್ತಿ ಹಿಡಿದು, ಈಗ ಮೀಟು ಅಂದೆ.

ಆನೆ ಸುಮ್ಮನಾಯಿತು.

ಅವಳು ನನ್ನ ಬೆರಳನ್ನು ನೋಡಿದಳು. "ಶರ್ಟು ಬದಲಾಯಿಸಿಕೊಳ್ಳಿ," ಅಂದಳು.

ಮಧ್ಯಾಹ್ನ ಹಾರನಹಳ್ಳಿಯ ಶಾಲೆಯ ವೇದಿಕೆಯ ಮೇಲೆ ಒಂದಕ್ಕೊಂದು ಅಂಟಿಸಿದ ಹಾಗೆ ಎರಡು ಕುರ್ಚಿ. ವಸುಧಾ ಮೇಡಂ ಹಾಗೂ ಅವರ ಪತಿಯಿಂದ ಜುಗಲ್‌ಬಂದಿ ಎಂದು ಹೆಡ್‌ಮೇಷ್ಟ್ರು ಮೈಕಿನಲ್ಲಿ ಸಾರಿದರು. ಚಪ್ಪಾಳೆ ಬಿತ್ತು. ನಾನು ಬೆರಳು ಚಾಚಿ ನನ್ನ ವಾದನವನ್ನು ಆರಂಭಿಸಿದೆ.

ಎರಡು ವರ್ಷ ಈ ಟ್ಯೂನನ್ನು ಪತ್ರಿಕೆಯ ಮರೆಯಲ್ಲಿ ಕೂತು, ಪಕ್ಕದ ಕೋಣೆಯ ಸದ್ದೆಂದು ಕೇಳಿದ್ದೆ. ಗೇಣು ದೂರದಿಂದ ಕೇಳಿದ್ದು ಅಂದೇ. ಕಷ್ಟದ ಜಾಗ ಬಂದಾಗ ಅವಳು ಉಸಿರು ಹಿಡಿಯುತ್ತಾಳೆ. ಅದು ದಾಟಿದ ಮೇಲೆ ಒಂದು ಸಣ್ಣ ನಗು. ಅದು ಎಷ್ಟು ಚೆನ್ನಾಗಿತ್ತೆಂದರೆ, ನಾನು ಮೈಮರೆತು ತಾಳ ಹಾಕತೊಡಗಿದೆ. ಅದೇ ಬೆರಳಿನಿಂದ!

ಗುರ್ರ್.

"ಆನೆ," ಎಂದಳು ವಸುಧಾ, ನುಡಿಸುವುದನ್ನು ನಿಲ್ಲಿಸದೆ. ಒತ್ತಿ ಹಿಡಿದೆ. ಮುಗಿಯುವವರೆಗೆ ಉಸಿರಾಡಿದೆನೋ ಇಲ್ಲವೋ ಖಚಿತವಿಲ್ಲ.

ಮಕ್ಕಳು ಬೆಂಚು ಕುಟ್ಟಿದರು. ವಸುಧಾ ಎದ್ದು ಕೈಮುಗಿದಾಗ ಕಣ್ಣು ತುಂಬಿತ್ತು. ಮನೆಗೆ ಬರುವಾಗ ಸ್ಕೂಟರಿನಲ್ಲಿ, ಹೇಗಿತ್ತು ಎಂದು ಕೇಳಿದೆ.

"ಎರಡು ಕಡೆ ನಾನು ತಪ್ಪಿದೆ. ಒಂದು ಕಡೆ ನೀವು," ಅಂದಳು. "ನಾಳೆಯಿಂದ ಬೆಳಿಗ್ಗೆ ಅರ್ಧ ಗಂಟೆ ನೀವೂ ಕೂತು ಅಭ್ಯಾಸ ಮಾಡಿ."

ಅಂದಿನಿಂದ ದಿನವೂ ಕೂರುತ್ತಿದ್ದೇನೆ. ಅಂಟು ಒಣಗಿ, ಆನೆ ತಾನಾಗಿಯೇ ಸುಮ್ಮನಾಗಿ ತಿಂಗಳಾಯಿತು. ಇದನ್ನು ನಾನು ಅವಳಿಗೆ ಹೇಳಿಲ್ಲ. ನಾನಿಲ್ಲದಾಗಲೂ ನುಡಿಸುತ್ತಾಳೆ, ಗೊತ್ತಾಗದೆ ಇರುತ್ತದೆಯೇ? ಆದರೂ ಬೆಳಿಗ್ಗೆ ಎರಡು ಕುರ್ಚಿ ಹಾಕುವುದನ್ನು ಅವಳು ಬಿಟ್ಟಿಲ್ಲ. ಹೀಗಾಗಿ ಸದ್ಯ ನಾನು, ಮಾಡಲು ಯಾವ ಕೆಲಸವೂ ಇಲ್ಲದೆ ಕಾಯಂ ಆಗಿ ನೇಮಕಗೊಂಡಿರುವ ಸಹವಾದಕ.