ಮಾವನ ಜೀಪಿನಲ್ಲಿ ನನಗೊಂದು ವೈರಿಲ್ಲ

ನಮ್ಮ ಬಂಧುಬಳಗದ ಹನ್ನೊಂದು ಜನರನ್ನು ನನ್ನ ಸೋದರಮಾವ ತಂತಿಗೆ ನೇತುಹಾಕಿದ್ದಾರೆ! ಗಾಬರಿಯಾಗಬೇಡಿ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಚೆನ್ನಾಗಿದ್ದಾರೆ, ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗುತ್ತಾರೆ. ಆ ಒಬ್ಬರ ವಿಷಯ ಆಮೇಲೆ ಹೇಳುತ್ತೇನೆ. ಮಾವ ನೇತುಹಾಕಿರುವುದು ಅವರ ಹೆಸರುಗಳನ್ನು. ತಂತಿ ಯಾವುದೆಂದರೆ, ಜೆಪಿ ನಗರದ ಅವರ ಮನೆಯ ಮುಂದೆ ನಿಂತಿರುವ ಹಳೆಯ ಪೆಟ್ರೋಲ್ ಜೀಪಿನದು.

ಗಾಡಿಯ ವೈರುಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟಿರುವುದು ಗುರುತು ಸಿಗಲಿ ಎಂದು. ನಮ್ಮ ಮಾವನಿಗೋ ಕೆಂಪು ಯಾವುದು, ಹಸಿರು ಯಾವುದು ಎಂಬುದೇ ತಿಳಿಯುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಮತ್ತೆ ರಸ್ತೆಯ ಸಿಗ್ನಲ್ಲಿನಲ್ಲಿ ಹೇಗೆ ಎಂದು ಕೇಳಿದರೆ, "ಮೇಲಿಂದು ಉರಿದ್ರೆ ನಿಲ್ಸೋದು, ಕೆಳಗಿಂದು ಉರಿದ್ರೆ ಹೋಗೋದು, ಅದಕ್ಕೆ ಬಣ್ಣ ಯಾಕೆ ಬೇಕು?" ಎನ್ನುತ್ತಾರೆ. ಇಂಥವರು ಮೆಕ್ಯಾನಿಕ್ ಕೈಗೆ ಕೊಟ್ಟು ಸುಮ್ಮನಿರಬಹುದಿತ್ತಲ್ಲವೆ? ಒಮ್ಮೆ ಕೊಟ್ಟರು. ಗಾಡಿ ವಾಪಸು ಬಂದಾಗ ಹೆಡ್‌ಲೈಟ್ ಹಾಕಿದರೆ ಇಂಜಿನ್ ನಿಲ್ಲುತ್ತಿತ್ತು. ಅಂದಿನಿಂದ ಬಾನೆಟ್ಟಿಗೆ ಬೇರೆಯವರ ಕೈ ತಾಕಿಲ್ಲ.

ಮಾವ ಜಯನಗರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ನಡೆಸುತ್ತಿದ್ದರು. ಮುಚ್ಚುವಾಗ ಮಿಕ್ಕ ಚಿನ್ನದಂಚಿನ ಕಾರ್ಡುಗಳನ್ನು ಮನೆಗೆ ಹೊತ್ತು ತಂದರು. ಅವನ್ನೇ ಚೀಟಿಯಾಗಿ ಕತ್ತರಿಸಿ, ದಾರ ಪೋಣಿಸಿ, ಪ್ರತಿ ವೈರಿಗೂ ಒಬ್ಬೊಬ್ಬ ನೆಂಟರ ಹೆಸರು ಬರೆದು ಕಟ್ಟಿದರು. ಬಾನೆಟ್ ಎತ್ತಿದರೆ ಯಾರದೋ ಮದುವೆ ಛತ್ರಕ್ಕೆ ಬಂದಂತೆ ಕಾಣುತ್ತದೆ!

ಹೆಸರನ್ನು ಕಣ್ಣುಮುಚ್ಚಿ ಕಟ್ಟಿದ್ದಲ್ಲ, ಗುಣ ನೋಡಿ ಕಟ್ಟಿದ್ದು. ಕಾಯಿಲಿನಿಂದ ಪ್ಲಗ್ಗಿನ ಕಡೆ ಹೋಗುವ ದಪ್ಪ ವೈರು ನನ್ನ ಅಮ್ಮ, ಅಂದರೆ ಮಾವನ ಅಕ್ಕ. ಕಿಡಿ ಹೊತ್ತಿಸುವುದು ಅದೇ, ಮುಟ್ಟಿದರೆ ಒದೆಯುವುದೂ ಅದೇ. ಎಲ್ಲ ಮುಗಿದ ಮೇಲೆ ನಿಧಾನಕ್ಕೆ ಹೊತ್ತಿಕೊಳ್ಳುವ ಬ್ರೇಕ್ ಲೈಟು ನನ್ನ ಸೀನು ಚಿಕ್ಕಪ್ಪ. ಹಾರ್ನಿನದು ಅಮ್ಮನ ದೊಡ್ಡಮ್ಮನ ಮಗಳು ಪದ್ಮಕ್ಕ, ಕಾರಣ ಕೇಳಬೇಡಿ.

ಒಂದು ಭಾನುವಾರ ಪದ್ಮಕ್ಕ ಚಕ್ಕುಲಿ ಡಬ್ಬ ಹಿಡಿದು ಗೇಟು ತೆಗೆಯುವುದಕ್ಕೂ, ಬಾನೆಟ್ಟಿನೊಳಗೆ ತಲೆ ಹುದುಗಿಸಿದ್ದ ಮಾವ ನನ್ನತ್ತ ಕೂಗುವುದಕ್ಕೂ ಸರಿಹೋಯಿತು.

"ಪದ್ಮಕ್ಕನ ಬಾಯಿಗೆ ತುಕ್ಕು ಹಿಡಿದಿದೆ, ಸ್ಯಾಂಡ್‌ಪೇಪರ್ ಕೊಡೇ, ಚೆನ್ನಾಗಿ ಉಜ್ತೀನಿ!"

ಚಕ್ಕುಲಿ ಡಬ್ಬ ಗೇಟಿನಿಂದಲೇ ವಾಪಸು ಹೋಯಿತು. ಆರು ತಿಂಗಳು ಮಾತಿಲ್ಲ, ಕತೆಯಿಲ್ಲ. ಕೊನೆಗೆ ಕಮಲತ್ತೆ, ಅಂದರೆ ಮಾವನ ಹೆಂಡತಿ, ತಾವೇ ಹೋಗಿ ವಿಷಯ ತಿಳಿಸಿ ಕೈಹಿಡಿದು ಕರೆತಂದರು. ಪದ್ಮಕ್ಕ ಬಾನೆಟ್ಟಿನ ಮುಂದೆ ನಿಂತು ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು.

"ಜೋರಾಗಿ ಕೇಳ್ಸುತ್ತೇನೋ?"

"ಮೂರು ಕ್ರಾಸ್ ಆಚೆಗೂ ಕೇಳುತ್ತೆ ಅಕ್ಕ."

"ಹಂಗಾದ್ರೆ ಇರ್ಲಿ ಬಿಡು" ಎಂದು ಅವರು ಕಾಫಿಗೆ ಕುಳಿತರು.

ಇಷ್ಟೆಲ್ಲ ಆದರೂ ನನ್ನ ಹೆಸರಿಗೆ ಒಂದು ವೈರಿಲ್ಲ! ಪ್ರತಿ ಭಾನುವಾರ ಟಾರ್ಚ್ ಹಿಡಿದು ನಿಂತವಳು ನಾನು, ಅದೇ ಜೀಪಿನಲ್ಲಿ ಗಾಡಿ ಕಲಿತವಳು ನಾನು. ಮಕ್ಕಳಿಲ್ಲದ ಅವರು ನನ್ನನ್ನು ಮಗಳಂತೆ ನೋಡಿಕೊಂಡವರು ಬೇರೆ. ವರ್ಷಕ್ಕೊಮ್ಮೆ ಬರುವ ಸೀನು ಚಿಕ್ಕಪ್ಪನಿಗೆ ವೈರುಂಟು, ನನಗಿಲ್ಲ. ಒಮ್ಮೆ ನಾಚಿಕೆ ಬಿಟ್ಟು ಕೇಳಿಯೂ ಬಿಟ್ಟೆ.

"ವೈಪರ್ ವೈರಿಗೆ ಯಾರ ಹೆಸರೂ ಇಲ್ವಲ್ಲ ಮಾವ?"

"ಅದು ಕೆಲಸ ಮಾಡಲ್ಲ, ನಿಂಗ್ಯಾಕೆ ಅದು?" ಎಂದು ಮಾತು ಹಾರಿಸಿದರು. ಆವತ್ತು ನನಗೆ ನಿಜಕ್ಕೂ ಬೇಜಾರಾಗಿತ್ತು.

ಈಗ ಎಫ್.ಸಿ.ಯ ದಿನಕ್ಕೆ ಬರೋಣ. ಹಳೆಯ ಗಾಡಿ ರಸ್ತೆಯ ಮೇಲೆ ಓಡಬೇಕಾದರೆ ಇನ್‌ಸ್ಪೆಕ್ಟರು ಪರೀಕ್ಷಿಸಿ ಸೈನ್ ಹಾಕಬೇಕು. ಎರಡು ಸಲ ಆಗಲೇ ಫೇಲಾಗಿತ್ತು. ಮೊದಲ ಸಲ ಸೀನು ಚಿಕ್ಕಪ್ಪ ಹೊತ್ತಿಕೊಳ್ಳಲಿಲ್ಲ. ಎರಡನೇ ಸಲ ಬಲಕ್ಕೆ ಇಂಡಿಕೇಟರ್ ಹಾಕಿದರೆ ಪದ್ಮಕ್ಕ ಕೂಗಿದರು. ಇದೇ ಕೊನೆಯ ಅವಕಾಶ, ಮತ್ತೆ ಫೇಲಾದರೆ ಗುಜರಿಗೆ ಎಂದು ಬರೆದುಬಿಡುತ್ತೇನೆ ಎಂದು ಇನ್‌ಸ್ಪೆಕ್ಟರು ಹೇಳಿ ಕಳಿಸಿದ್ದರು. ಸರಿಯಾಗಿ ಹಿಂದಿನ ದಿನವೇ ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್! ಬಗ್ಗಬಾರದು, ಧೂಳಿಗೆ ಹೋಗಬಾರದು, ಕಣ್ಣಿಗೆ ಒಂದು ಹನಿ ನೀರು ತಾಕಬಾರದು ಎಂದು ಡಾಕ್ಟರು ಮೂರು ಸಲ ಹೇಳಿದ್ದರು.

"ನೀನೇ ತಗೊಂಡು ಹೋಗು" ಎಂದು ಮಾವ ಕೀ ಕೊಟ್ಟರು. ಅತ್ತೆ ತೀರಿಕೊಂಡು ಮೂರು ವರ್ಷ. ಅಂದಿನಿಂದ ಅವರು ಬೆಳಗ್ಗೆ ಎದ್ದು ಅಂಗಳಕ್ಕೆ ಬರುತ್ತಿದ್ದುದೇ ಆ ಜೀಪಿಗಾಗಿ. ಅದೂ ಗುಜರಿಗೆ ಹೋದರೆ ಈ ಮನುಷ್ಯ ಯಾಕೆ ಹೊರಗೆ ಬರುತ್ತಾರೆ? ಅಂಜನಾಪುರದಾಚೆಯ ಪರೀಕ್ಷೆಯ ಮೈದಾನ ಮುಟ್ಟುವವರೆಗೆ ನನ್ನ ತಲೆಯಲ್ಲಿ ಇದೇ ಪ್ರಶ್ನೆ.

ಮೈದಾನದ ಹಳ್ಳದಿಣ್ಣೆಯಲ್ಲಿ ಜೀಪು ಎರಡು ಸಲ ಎಗರಿತು. ಸಾಲಿನಲ್ಲಿ ನನ್ನ ಮುಂದೆ ಏಳು ಗಾಡಿ. ಪೆಟ್ರೋಲ್ ಉಳಿಯಲಿ ಎಂದು ಇಂಜಿನ್ ನಿಲ್ಲಿಸಿದೆ. ಬುದ್ಧಿ ಎಲ್ಲಿತ್ತೋ! ಮತ್ತೆ ಸೆಲ್ಫ್ ಹೊಡೆದರೆ "ಟಿಕ್" ಎಂದಿತು, ಅಷ್ಟೇ. ಇನ್ನೊಮ್ಮೆ ಹೊಡೆದೆ. ಟಿಕ್. ಹಿಂದಿದ್ದ ಆಟೋದವನು ಇಳಿದು ಬಂದ.

"ತಳ್ಳಣಾ ಅಕ್ಕ?"

"ತಳ್ಳೋ ಗಾಡಿಗೆ ನಾನು ಸೈನ್ ಹಾಕಲ್ಲ" ಎಂದು ಇನ್‌ಸ್ಪೆಕ್ಟರು ಅಲ್ಲಿಂದಲೇ ಹೇಳಿದರು. "ಈ ಸಾಲು ಮುಗಿಯೋದ್ರೊಳಗೆ ಸ್ಟಾರ್ಟ್ ಮಾಡ್ಕೊಳಿ ಮೇಡಂ."

ಮಾವನಿಗೆ ಫೋನ್ ಹಚ್ಚಿದೆ.

"ಲೈಟ್ ಬರ್ತಿದ್ಯಾ?"

"ಬರ್ತಿದೆ."

"ಪದ್ಮಕ್ಕ?"

"ಕೂಗ್ತಿದಾರೆ."

"ನಿಮ್ಮಮ್ಮ?"

"ಅವಳ ಜಾಗದಲ್ಲೇ ಗಟ್ಟಿಯಾಗಿ ಕೂತಿದಾಳೆ ಮಾವ."

"ಮುಟ್ಬೇಡ!"

"ನಲವತ್ತು ವರ್ಷದಿಂದ ಗೊತ್ತು!"

ಮುಂದೆ ನಾಲ್ಕು ಗಾಡಿ ಉಳಿದಿದ್ದವು. "ನಾಕೈದು ಸಲ ಸೆಲ್ಫ್ ಹೊಡೆದು ಚೋಕ್ ಗುಂಡಿ ಮುಟ್ಟಿ ನೋಡು" ಎಂದರು. ಹೊಡೆದು ಮುಟ್ಟಿದೆ, ಚುರ್ ಎಂದಿತು.

"ಸುಡ್ತಿದೆ ಮಾವ!"

ಫೋನ್ ಕಟ್ಟಾಯಿತೇನೋ ಎಂದು ನಾನು ಹಲೋ ಹಲೋ ಎಂದು ಕಿರುಚಿದೆ. ಮೂರು ಗಾಡಿ ಉಳಿದಿದ್ದವು.

"ಇದೀನಿ ಕಣೇ" ಎಂದರು ಕೊನೆಗೆ. "ಇಂಜಿನ್ನಿಗೆ ಹೋದ ಕರೆಂಟು ವಾಪಸ್ ಬರೋ ದಾರಿ ಮುಚ್ಚಿದೆ. ಸಿಕ್ಕಿದ ದಾರಿ ಹಿಡಿದು, ಚೋಕ್ ಗುಂಡಿಯಿಂದ ಇಂಜಿನ್ನಿಗೆ ಹೋಗೋ ತಂತೀಲಿ ಬರ್ತಿದೆ, ಅದಕ್ಕೇ ಸುಡ್ತಿರೋದು."

"ವಾಪಸ್ ಕರ್ಕೊಂಡು ಬರೋದು ಯಾರ ಕೆಲಸ ಮಾವ?"

"ನಿಮ್ಮತ್ತೆದು."

ಇಂಜಿನ್ನಿನ ಪಕ್ಕ, ಕೆಳಗೆ, ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದು ಕಂಡಿತು. ಪ್ಲಾಸ್ಟಿಕ್ ಸುತ್ತಿದ ಚೀಟಿಯಲ್ಲಿ "ಕಮಲ" ಎಂದಿತ್ತು. ಪಟ್ಟಿ ಪೂರ್ತಿ ಹರಿದಿತ್ತು. ಇವತ್ತೇ ಒಮ್ಮೆಗೆ ಹರಿದದ್ದಲ್ಲ, ಬಹಳ ದಿನದಿಂದ ಎಳೆ ಎಳೆಯಾಗಿ ಹರಿಯುತ್ತ ಬಂದದ್ದು. ಅದರ ಮೇಲೆ ಟೇಪು, ಟೇಪಿನ ಮೇಲೆ ಸಣ್ಣ ತಂತಿ, ಅದರ ಮೇಲೆ ಮತ್ತೆ ಟೇಪು.

"ಸೀಟಿನ ಕೆಳಗೆ ಬಿಸ್ಕತ್ ಡಬ್ಬದಲ್ಲಿ ಹೊಸದಿದೆ. ಹದಿಮೂರನೇ ನಂಬರ್ ಸ್ಪ್ಯಾನರ್ ತಗೋ. ಎರಡು ಬೋಲ್ಟು" ಎಂದರು ಮಾವ. ಆಮೇಲೆ, "ಬಿಚ್ಚಿಬಿಡು" ಎಂದರು.

ಹೊಸ ಪಟ್ಟಿ ಕವರಿನ ಸಮೇತ ಹಾಗೇ ಇತ್ತು. ಕವರು ಹಳದಿಗೆ ತಿರುಗಿತ್ತು, ಎಂದೋ ತಂದಿಟ್ಟದ್ದು. ನನಗೆ ಎಲ್ಲ ಅರ್ಥವಾಯಿತು, ಆದರೆ ನಿಂತು ಯೋಚಿಸಲು ಸಮಯವೆಲ್ಲಿ? ಒಂದು ಬೋಲ್ಟು ಬಂತು, ಇನ್ನೊಂದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಆಟೋದವನೂ ನಾನೂ ಸೇರಿ ಸ್ಪ್ಯಾನರಿಗೆ ಜೋತುಬಿದ್ದೆವು. ಮುಂದೆ ಒಂದೇ ಗಾಡಿ ಉಳಿದಾಗ ಅದು ಸಡಿಲಾಯಿತು. ಹೊಸದನ್ನು ಬಿಗಿದು, ಸೀರೆಗೇ ಕೈ ಒರೆಸಿಕೊಂಡು ಸೆಲ್ಫ್ ಹೊಡೆದೆ. ಜೀಪು ಒಮ್ಮೆ ಕೆಮ್ಮಿ ಸ್ಟಾರ್ಟಾಯಿತು!

ಇನ್‌ಸ್ಪೆಕ್ಟರು ಹಾರ್ನ್ ಒತ್ತಿ ತಾವೇ ಬೆಚ್ಚಿಬಿದ್ದರು. ಬ್ರೇಕ್ ತುಳಿಸಿದರು, ಸೀನು ಚಿಕ್ಕಪ್ಪ ಜನ್ಮದಲ್ಲೇ ಮೊದಲ ಬಾರಿಗೆ ಸಮಯಕ್ಕೆ ಸರಿಯಾಗಿ ಬಂದರು. ಬಾನೆಟ್ ಎತ್ತಿದವರು ತಲೆ ಕೆರೆದುಕೊಂಡರು.

"ಏನ್ ಮೇಡಂ ಇದು, ಲಗ್ನಪತ್ರಿಕೆ?"

"ನಮ್ಮ ಮನೆಯವರು ಸಾರ್. ಎಲ್ಲಾ ಬಂದಿದಾರೆ."

ಅವರು ನನ್ನ ಮುಖ ನೋಡಿದರು, ಮತ್ತೇನೂ ಕೇಳದೆ ಸೈನ್ ಹಾಕಿದರು.

ಮನೆಗೆ ಬಂದಾಗ ಮಾವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೇಟಿನ ಹತ್ತಿರವೇ ಕುರ್ಚಿ ಹಾಕಿ ಕುಳಿತಿದ್ದರು. ಪಾಸಾಯಿತೆ ಎಂದು ಕೇಳಲಿಲ್ಲ, ಸುಮ್ಮನೆ ಕೈ ಚಾಚಿದರು. ಹಳೆಯ ಪಟ್ಟಿಯನ್ನು ಅಂಗೈಯಲ್ಲಿಟ್ಟೆ. ಅದರ ಹೆಣಿಗೆಯ ಮೇಲೆ ಬೆರಳಾಡಿಸುತ್ತ ಕುಳಿತರು.

"ಹೊಸದು ತಂದು ಎರಡು ವರ್ಷ ಆಯ್ತು" ಎಂದರು. "ಹೆಸರು ಬರೆದ ಮೇಲೆ ಬಿಚ್ಚೋಕೆ ಕೈ ಬರಲ್ಲ ಕಣೇ."

"ಸೀನು ಚಿಕ್ಕಪ್ಪನ್ನ ಮೂರು ಸಲ ಬದಲಾಯಿಸಿದ್ರಲ್ಲ?"

"ಅವನ ವಿಷಯ ಬಿಡು. ನಿನ್ನ ಹೆಸರಿಗೆ ವೈರಿಲ್ಲ ಅಂತ ಮುಖ ಊದಿಸ್ಕೊಂಡಿದ್ಯಲ್ಲ? ವೈರು ಅಂದ್ಮೇಲೆ ಒಂದಲ್ಲ ಒಂದಿನ ಸುಟ್ಟೋಗುತ್ತೆ. ನಿನ್ನ ಹೆಸರಿಂದು ಸುಟ್ಟೋದ್ರೆ ನಾನು ಕಿತ್ತು ಎಲ್ಲಿಗೆ ಎಸೀಲಿ?"

ಇಷ್ಟು ವರ್ಷ ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡಿದ್ದೆನಲ್ಲ!

"ಹೊಸದಕ್ಕೆ ಏನೂ ಕಟ್ಟಿಲ್ಲ ತಾನೆ?" ಎಂದು ಕೇಳಿದರು.

"ಕಟ್ಟಿದೀನಿ ಮಾವ. ಅತ್ತೆ ಚೀಟಿನೇ ಬಿಚ್ಚಿ ಕಟ್ಟಿದೀನಿ. ಅವರು ಅಲ್ಲೇ ಇದಾರೆ."

ಮಾವ ತಲೆ ತಗ್ಗಿಸಿದರು. ಹೆಗಲು ಅಲುಗತೊಡಗಿತು.

"ಮಾವ, ಬೇಡ ಮಾವ. ಕಣ್ಣಿಗೆ ಒಂದು ಹನಿ ನೀರೂ ತಾಕಬಾರದು ಅಂದಿದಾರೆ ಡಾಕ್ಟರು" ಎಂದು ಅವರ ಕೈ ಹಿಡಿದುಕೊಂಡೆ. ನನಗೆ ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲವಾದ್ದರಿಂದ, ಇಬ್ಬರ ಪಾಲಿನದನ್ನೂ ನಾನೇ ಅತ್ತುಬಿಟ್ಟೆ.