ಕೊನೇ ಕುರ್ಚಿಯ ಕೋಟೆ

ಹಲೋ, ಹಲೋ! ಕೇಳಿಸ್ತಿದೆಯಾ? ಸರಿ, ಎಲ್ರೂ ಕೇಳ್ರಪ್ಪಾ. ವಾಯ್ಸ್ ನೋಟ್ ಉದ್ದ ಇದೆ ಅಂತ ಸ್ಪೀಡ್ ಜಾಸ್ತಿ ಮಾಡ್ಬೇಡಿ, ನಾನು ಮಾತಾಡೋದೇ ಡಬಲ್ ಸ್ಪೀಡು. ಹಿಂದೆ ಏನೋ ಕಟಕಟ ಅಂತ ಸದ್ದು ಬರ್ತಿರತ್ತೆ. ಅದಕ್ಕೆ ತಲೆ ಕೆಡಿಸ್ಕೋಬೇಡಿ. ಇಲ್ಲಿ ನನ್ನ ತಲೆ ಆಗ್ಲೇ ಕೆಡ್ತಾ ಇದೆ, ಅದೊಂದೇ ಸಾಕು.

ವಿಷಯ ಏನಂದ್ರೆ, ನಾನೊಂದು ಶಪಥ ಮಾಡಿದ್ದೆ. ಊಟದ ಮೇಜಿನ ಮುಂದೆ ಎದ್ದು ನಿಂತು, ಚಮಚಾನ ಕತ್ತಿ ಥರ ಮೇಲಕ್ಕೆತ್ತಿ ಘೋಷಿಸಿದ್ದೆ: "ಅಪ್ಪನ್ನ ಸೋಫಾದಿಂದ ಎಬ್ಬಿಸಿ ಬೀದೀಲಿ ನಡೆಸೋ ವೀರ ಈ ಮನೇಲಿ ಒಬ್ಬನೇ. ಅದು ನಾನೇ!"

ಅಕ್ಕ ತಟ್ಟೆಯಿಂದ ತಲೆ ಎತ್ಲಿಲ್ಲ. "ನೀನು ಅಪ್ಪನ್ನ ನಡೆಸಿದ್ರೆ ನಾನು ನಿನ್ನ ಜುಟ್ಟಿಗೆ ಅಡ್ಡಬಿದ್ದು ನಮಸ್ಕಾರ ಹಾಕ್ತೀನಿ ಕಣೋ."

ನನ್ನ ಜುಟ್ಟು ನಿಮಗೆ ಗೊತ್ತಲ್ಲ? ಕಾಲೇಜು ಬಿಟ್ಟಾಗಿಂದ ಎಣ್ಣೆ ಹಾಕಿ, ಶಾಂಪೂ ಹಾಕಿ, ಹೆತ್ತ ಮಗು ಥರ ಸಾಕಿರೋ ಜುಟ್ಟು. ಅದಕ್ಕೆ ಅಕ್ಕನ ನಮಸ್ಕಾರ! ಆ ದೃಶ್ಯ ಕಣ್ಣಿಗೆ ಕಟ್ಟಿಬಿಡ್ತು.

ಈಗ ಅಪ್ಪನ ವಿಷಯ. ಅಪ್ಪ ರೈಲ್ವೆ ಸ್ಟೇಷನ್ನಲ್ಲಿ ಟಿಕೆಟ್ ಕೌಂಟರಿನ ಗುಮಾಸ್ತರಾಗಿದ್ದೋರು. ಇಡೀ ಜೀವಮಾನ ಕೂತೇ ದುಡಿದೋರು. ಅವರದ್ದೊಂದೇ ಧರ್ಮ: "ಪಾಳಿ ಬದಲಾಯಿಸೋಕೆ ಇನ್ನೊಬ್ಬ ಬಂದು ಕೂರೋವರೆಗೂ ಕುರ್ಚಿ ಬಿಡ್ಬಾರ್ದು." ರಿಟೈರ್ ಆದ್ರು, ಮನೆಗೆ ಬಂದ್ರು, ಸೋಫಾ ಮೇಲೆ ಕೂತ್ರು. ಪಾಳಿ ಬದಲಾಯಿಸೋಕೆ ಯಾರೂ ಬರ್ಲಿಲ್ಲ. ಹಾಗಾಗಿ ಎದ್ದೇ ಇಲ್ಲ!

ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ರು: "ಸಕ್ಕರೆ ಏರಿದೆ. ಮುಂದಿನ ಸಲ ಬರೋದ್ರೊಳಗೆ ನಡೆದು ಇಳಿಸ್ಕೊಳ್ಳಿ. ಇಲ್ಲಾಂದ್ರೆ ದಿನಾ ಸೂಜಿ." ಸೂಜಿ! ನಮ್ಮಪ್ಪ ಗಿರಿಜಾ ಮೀಸೆಯ ಗಂಡುಗಲಿ. ಮಾರುದ್ದ ಕ್ಯೂನ ಒಂದೇ ಗದರಿಕೆಗೆ ನೆಟ್ಟಗೆ ಮಾಡಿದೋರು. ಆದ್ರೆ ಅಮ್ಮ ಗುಂಡಿ ಹೊಲಿಯೋಕೆ ಸೂಜಿ ತೆಗೆದ್ರೂ ಅಪ್ಪ ಆ ಕಡೆ ಮುಖ ಮಾಡ್ತಾರೆ.

ಹವ್ಯಾಸ ಹಚ್ಚಿಸಿದ್ರೆ ಎದ್ದೇಳ್ತಾರೆ ಅಂತ ಅಮ್ಮ ಮೊದಲು ಮೀನಿನ ತೊಟ್ಟಿ ತಂದ್ಲು. ಅಪ್ಪ ಸೋಫಾನೇ ತೊಟ್ಟಿ ಕಡೆ ತಿರುಗಿಸಿಕೊಂಡ್ರು. ಆಮೇಲೆ ಅಕ್ಕ ಬಾಲ್ಕನೀಲಿ ಗಿಡ ಇಟ್ಲು. ಅಪ್ಪ ಉದ್ದದ ಪೈಪು ತರಿಸಿ ಸೋಫಾದಿಂದಲೇ ನೀರು ಬಿಟ್ರು. ಗಿಡ ಒಣಗ್ತು, ಹಾಲ್ ಚಿಗುರ್ತು. ಪಕ್ಷಿ ವೀಕ್ಷಣೆಗೆ ಅಂತ ದುರ್ಬೀನು ಕೊಟ್ರೆ ಕಿಟಕಿಯಿಂದ ನೋಡಿ, "ಎದುರು ಮನೇಲಿ ಟೀವಿ ನಮ್ಮದಕ್ಕಿಂತ ದೊಡ್ಡದು ಕಣೇ" ಅಂತ ಅಮ್ಮನಿಗೆ ವರದಿ ಒಪ್ಪಿಸಿದ್ರು.

ಆಗ ನಾನು ಬ್ರಹ್ಮಾಸ್ತ್ರ ತೆಗೆದೆ. ಫೋನಲ್ಲಿ ಒಂದು ಆಟ, ಕೋಟೆ-ಬೇಟೆ ಅಂತ. ನಮ್ಮ ಬೀದಿಗಳೇ ಅದರ ನಕ್ಷೆ. ನಾವು ನಿಜವಾಗ್ಲೂ ನಡೆದ್ರೆ ಅದರೊಳಗಿನ ಬೊಂಬೇನೂ ನಡೆಯತ್ತೆ. ದಾರೀಲಿ ಭೂತದ ಮರಿಗಳು ಸಿಗ್ತವೆ, ಹಿಡೀಬೇಕು. ಅಲ್ಲಲ್ಲಿ ಕೋಟೆಗಳಿರ್ತವೆ, ಗೆದ್ದು ಬಾವುಟ ಹಾರಿಸ್ಬೇಕು. ಒಟ್ನಲ್ಲಿ ಕೂತಲ್ಲೇ ಕೂತ್ರೆ ಏನೂ ಸಿಗಲ್ಲ.

"ಅಪ್ಪಾ, ನಮ್ಮ ಗೇಟ್ ಹತ್ರ ಒಂದು ಭೂತದ ಮರಿ ಕೂತಿದೆ."

"ಓಡಿಸೋ ಅದನ್ನ."

"ಹಿಡೀಬೇಕು ಅಪ್ಪಾ. ಟಿಕೆಟ್ ಇಲ್ದೆ ಬಂದಿದೆ."

ಅಷ್ಟೇ ನೋಡಿ! ಅಪ್ಪ ಎದ್ರು. ಸೋಫಾ 'ಉಸ್ಸ್' ಅಂತ ಉಸಿರು ಬಿಡ್ತು. ಗೇಟ್ ಹತ್ರ ಹೋಗಿ, ಫೋನಲ್ಲಿ ಬೆರಳು ತೀಡಿ, ಮರೀನ ಹಿಡಿದು, ಮೀಸೆ ತಿರುವಿಕೊಂಡು ಬಂದ್ರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡ್ಕೊಂಡು ಹಾಗೇ ನಿಂತಿದ್ಲು.

ಆ ವಾರದಲ್ಲೇ ಅಪ್ಪ ಒಂದು ಕೋಟೆ ಗೆದ್ರು. ಎಲ್ಲಿ? ಎರಡು ಬೀದಿ ಆಚೆ, ಕ್ಷೌರದ ಅಂಗಡೀಲಿ. ಆಟದೋರು ಯಾಕೆ ಅಲ್ಲಿ ಕೋಟೆ ಕಟ್ಟಿದ್ರೋ ಗೊತ್ತಿಲ್ಲ. ಬಾವುಟ ಹಾರಿತು. ಹಾರಿದ ಮೇಲೆ ಅಪ್ಪ ಮತ್ತೆ ಸೋಫಾಗೆ ಇಳಿದ್ರು. "ಗೆದ್ದಾಯ್ತಲ್ಲ, ಇನ್ನೇನು?"

ಆಗ ನನ್ನ ತಲೇಲಿ ಒಂದು ಕುತಂತ್ರ ಮೊಳೀತು. ನಾನು ಕೆಲಸ ಮಾಡೋ ಜೆರಾಕ್ಸ್ ಅಂಗಡಿ ಇರೋದು ಆ ಕ್ಷೌರದಂಗಡಿಯ ಹಿಂದಿನ ಬೀದೀಲಿ. ಗೋಡೆಗೆ ಗೋಡೆ. ದಾಳಿ ಮಾಡೋಕೆ ಅಷ್ಟು ಹತ್ರ ಸಾಕು. ಆದ್ರೆ ಒಡೆದ ಕೋಟೆ ರಿಪೇರಿ ಮಾಡೋಕೆ ಮಾತ್ರ ಕೋಟೆ ಬುಡಕ್ಕೇ ಹೋಗ್ಬೇಕು. ಸರಿ, ಗುಟ್ಟಾಗಿ 'ಗುಡುಗು' ಅಂತ ಹೆಸರಿಟ್ಕೊಂಡು ಆಟಕ್ಕೆ ಇಳಿದೆ. ಜೆರಾಕ್ಸ್ ಮೆಷಿನ್ ಪಕ್ಕ ಕೂತು ಒಂದು ಬೆಂಕಿ ಉಂಡೆ ಎಸೆದೆ. ಢಮಾರ್!

ಮನೇಲಿ ಅಪ್ಪ ಸಿಡಿದೆದ್ರಂತೆ. "ಯಾವನೇ ಅವನು ಗುಡುಗು? ನನ್ನ ಕೌಂಟರಿಗೆ ಕಲ್ಲು ಹೊಡೀತಾನಾ?" ಚಪ್ಪಲಿ ಮೆಟ್ಕೊಂಡು ಹೊರಟೇಬಿಟ್ರು.

ಅವತ್ತಿಂದ ಇದೇ ಕ್ರಮ. ನಾನು ಹೊಡೀತಿದ್ದೆ, ಅಪ್ಪ ಓಡ್ತಿದ್ರು. ಬೆಳಗ್ಗೆ ಹೋದೋರು ಮಧ್ಯಾಹ್ನಕ್ಕೆ ವಾಪಸ್. ಅಮ್ಮನಿಗೆ ಸಂತೋಷವೋ ಸಂತೋಷ. "ಎಷ್ಟು ದೂರ ನಡೀತಾರೋ ಪಾಪ. ಮುಖದಲ್ಲಿ ಏನು ಕಳೆ ಬಂದಿದೆ ನೋಡು! ಕೆನ್ನೆ ಫಳಫಳ ಅಂತಿದೆ."

ಹೌದು, ಅಂತಿತ್ತು. ನಾನೂ ನೋಡ್ದೆ. ವ್ಯಾಯಾಮದ ಮಹಿಮೆ ಅಂದ್ಕೊಂಡೆ. ಕೂದಲೂ ದಿನೇ ದಿನೇ ಚಿಕ್ಕದಾಗ್ತಿತ್ತು. ಬಿಸಿಲಿಗೆ ಅಂತ ಕತ್ತರಿಸ್ಕೊಂಡಿರ್ಬೇಕು ಅಂದ್ಕೊಂಡೆ. ಬುದ್ಧಿವಂತ ನಾನು!

ನಿಜವಾಗ್ಲೂ ನಡೀತಿದ್ದಿದ್ದೇನು ಗೊತ್ತಾ? ನಡಿಗೆ ಒಂದು ಬಿಟ್ಟು ಬೇರೆಲ್ಲ! ಅಪ್ಪ ಯೋಚನೆ ಮಾಡಿದಾರೆ: ಗುಡುಗು ಯಾವಾಗ ಬರ್ತಾನೋ ಗೊತ್ತಿಲ್ಲ, ಪ್ರತಿ ಸಲ ಮನೆಯಿಂದ ಯಾಕೆ ಬರ್ಬೇಕು? ಕೌಂಟರ್ ಅಂದ್ಮೇಲೆ ಕೌಂಟರಲ್ಲೇ ಕೂರ್ಬೇಕು! ಅಂಗಡಿ ಹೊರಗಿನ ಬೆಂಚಲ್ಲಿ ಕೂತ್ರೆ ಕೋಟೆ ಕೈಗೆ ಎಟುಕಲ್ಲ. ಅಂಗಡಿಯ ಕೊನೇ ಕುರ್ಚೀಲಿ ಕೂತ್ರೆ ಎಟುಕತ್ತೆ. ಆದ್ರೆ ಕತ್ತರಿಯಣ್ಣ (ಅಂಗಡಿಯವರನ್ನ ಬೀದಿಯೆಲ್ಲ ಕರೆಯೋದೇ ಹಾಗೆ) ಅವರದ್ದೂ ಒಂದು ಧರ್ಮ ಇದೆ: "ಕುರ್ಚೀಲಿ ಕೂತೋರಿಗೆ ಕೆಲಸ ನಡೀಬೇಕು. ಸುಮ್ನೆ ಕೂರೋಕೆ ಇದು ಪಾರ್ಕಲ್ಲ."

ಧರ್ಮಕ್ಕೆ ಧರ್ಮ ಎದುರಾಯ್ತು. ಮೊದಲು ಶೇವ್. ಆಮೇಲೆ ಕಟಿಂಗ್. ತಲೆಗೆ ಮಾಲೀಶು, ಮುಖಕ್ಕೆ ಪ್ಯಾಕು. ಒಂದು ದಿನ ಕಿವಿಯ ಕೂದಲು, ಇನ್ನೊಂದು ದಿನ ಹುಬ್ಬು! ಗೋಡೆಯ ಈ ಕಡೆ ನಾನು ಕೂತು ಹೊಡೀತಿದ್ದೆ, ಆ ಕಡೆ ಅಪ್ಪ ಕೂತು ರಿಪೇರಿ ಮಾಡ್ತಿದ್ರು. ಜನರನ್ನ ಮನೆಯಿಂದ ಹೊರಗೆ ತಂದು ನಡೆಸೋ ಆಟ, ಅಪ್ಪ-ಮಗ ಇಬ್ಬರನ್ನೂ ಒಂದೇ ಗೋಡೆಗೆ ಒರಗಿಸಿ ಕೂರಿಸಿತ್ತು!

ಇನ್ನು ಆ ಮಹಾದಿನ. ಅಕ್ಕನ ಮದುವೆ ಗೊತ್ತಾಗಿದೆಯಲ್ಲ, ಆ ಹುಡುಗನ ಅಮ್ಮ, ಅಂದ್ರೆ ನಮ್ಮ ಬೀಗಿತ್ತಿ, ಮೊದಲನೇ ಸಲ ನಮ್ಮನೆಗೆ ಊಟಕ್ಕೆ ಬರೋರಿದ್ರು. ಅಕ್ಕ ಬೆಳಗಿಂದ ಕುಶನ್ನುಗಳನ್ನ ಎತ್ತಿ ಇಡ್ತಿದ್ಲು, ಇಟ್ಟು ಎತ್ತುತ್ತಿದ್ಲು. ನಾನು ಅರ್ಧ ದಿನದ ಕೆಲಸಕ್ಕೆ ಹೋದೋನು, ಅಪ್ಪ ಊಟಕ್ಕೆ ಮುಂಚೆ ಚೆನ್ನಾಗಿ ನಡೆದು ಬರ್ಲಿ ಅಂತ, ಬೆಂಕಿ ಉಂಡೆ ಮೇಲೆ ಬೆಂಕಿ ಉಂಡೆ ಸುರಿಸಿದೆ. ಕೋಟೆ ಬೀಳ್ತಿಲ್ಲ! ನಾನೂ ಬಿಡ್ಲಿಲ್ಲ. ಕೊನೆಗೂ ಕೋಟೆ ಬೀಳ್ಲಿಲ್ಲ. ಸೋತ್ರೂ ಹೆಮ್ಮೆಯಿಂದ ಮನೆಗೆ ಬಂದೆ.

ಸ್ವಲ್ಪ ಹೊತ್ತಿಗೆ ಕರೆಗಂಟೆ. ಅಮ್ಮ ಬಾಗಿಲು ತೆಗೆದ್ಲು. ಹೊರಗೆ ಒಬ್ಬರು ನಿಂತಿದ್ರು. ತಲೆ ಬೋಳು, ಮುಖ ಬೋಳು. ಬಿಸಿಲಿಗೆ ಸ್ಟೀಲ್ ಬಟ್ಟಲು ಬೋರಲು ಹಾಕಿದ ಹಾಗೆ ಮಿಂಚ್ತಿದ್ರು.

ಅಮ್ಮ ಅತೀ ಮರ್ಯಾದೆಯಿಂದ ಕೇಳಿದ್ಲು: "ಯಾರು ಬೇಕಾಗಿತ್ತು?"

"ನಾನೇ ಕಣೇ."

ಅಮ್ಮ ಬಾಗಿಲು ಚೌಕಟ್ಟು ಹಿಡ್ಕೊಂಡ್ಲು. "ರೀ! ಮೀಸೆ?! ಮೀಸೆ ಎಲ್ರೀ?"

"ಕರ್ತವ್ಯಕ್ಕೆ ಹೋಯ್ತು."

"ನಾನು ಮದುವೆಗೆ ಒಪ್ಪಿದ್ದೇ ಆ ಮೀಸೆ ನೋಡಿ ಕಣ್ರೀ! ನೀವು ಅದರ ಹಿಂದೆ ಬಂದೋರು!"

ನಡೆದಿದ್ದು ಇಷ್ಟು. ಆ ದಿನ ತಲೆಯ ಕೂದಲು ಪೂರ್ತಿ ಮುಗೀತು, ಗುಡುಗಿನ ದಾಳಿ ಮುಗೀಲಿಲ್ಲ. ಕತ್ತರಿಯಣ್ಣ ಹೇಳಿದ್ರಂತೆ: "ಯಜಮಾನ್ರೇ, ಇನ್ನು ತೆಗೆಯೋಕೆ ಉಳಿದಿರೋದು ಮೀಸೆ ಒಂದೇ. ಬೇಡ ಅಂದ್ರೆ ಕುರ್ಚಿ ಬಿಡಿ, ಕ್ಯೂ ಇದೆ." ಕ್ಯೂಗೆ ಎದುರಾಡಿದೋರಲ್ಲ ನಮ್ಮಪ್ಪ. ಕುರ್ಚಿ ಬಿಟ್ಟೋರೂ ಅಲ್ಲ. ಕಣ್ಣು ಮುಚ್ಚಿ, "ತೆಗೀ" ಅಂದ್ರಂತೆ. ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋದು ಕೇಳಿದೀರಿ. ಇಲ್ಲಿ ಜಟ್ಟಿ ಅಲ್ಲಾಡ್ಲಿಲ್ಲ, ಮೀಸೆ ಮಾತ್ರ ನೆಲ ಕಚ್ತು!

ಗುಡುಗು ಯಾರು ಅಂತ ಬಾಯಿ ಬಿಡೋ ಧೈರ್ಯ ಬರ್ಲಿಲ್ಲ. ಅಕ್ಕ ಆಗ್ಲೇ ಅಳೋಕೆ ಶುರು ಮಾಡಿದ್ಲು. "ಅಪ್ಪನ ಫೋಟೋ ಕಳಿಸಿದ್ದೆ ಅವರಿಗೆ! ಈಗ ಯಾರೋ ಬಾಡಿಗೆ ಅಪ್ಪ ಅಂದ್ಕೊಳ್ತಾರೆ!" ಅಷ್ಟರಲ್ಲಿ ಬೀಗಿತ್ತಿ ಬಂದೇಬಿಟ್ರು.

ದಪ್ಪ ಬೂಟು, ಬೆನ್ನಿಗೆ ಚೀಲ, ಕೈಯಲ್ಲಿ ಫೋನು. ಅಪ್ಪನ ಬೋಳುತಲೆ ಕಡೆ ನೋಡ್ಲೇ ಇಲ್ಲ, ಫೋನ್ ಕಡೆ ನೋಡ್ತಾ, "ಕ್ಷಮಿಸಿ, ಲೇಟಾಯ್ತು. ದಾರೀಲಿ ಕ್ಷೌರದಂಗಡಿ ಹತ್ರ ಒಂದು ಕೋಟೆ ಇದೆ, ಒಡೆಯೋಕೇ ಆಗ್ಲಿಲ್ಲ. ಅದ್ಯಾರೋ ಮಹಾನುಭಾವ, ಕುರ್ಚೀಗೆ ಅಂಟ್ಕೊಂಡಂಗೆ ಕಾಯ್ತಿದಾನೆ!"

ಅಪ್ಪ ಇಲ್ಲದ ಮೀಸೆ ತಿರುವಿದ್ರು. "ಆ ಮಹಾನುಭಾವ ನಾನೇ."

"ಅಯ್ಯೋ ಬೀಗರೇ!" ಅಂತ ಅವರು ಕೈ ಕುಲುಕಿದ್ದೇ ಕುಲುಕಿದ್ದು. ಅಕ್ಕನ ಅಳು ಅರ್ಧಕ್ಕೇ ನಿಂತೋಯ್ತು. ಊಟಕ್ಕೆ ಕೂತಾಗ್ಲೂ ಅವರಿಬ್ಬರದು ಅದೇ ಮಾತು: ಭೂತದ ಮರಿ, ಬೆಂಕಿ ಉಂಡೆ, ಬಾವುಟ. ನಾನು ಬದುಕಿಕೊಂಡೆ ಅಂದ್ಕೊಂಡು ಎರಡನೇ ಸಲ ಬಡಿಸಿಕೊಂಡೆ.

ಆಗ ಬೀಗಿತ್ತಿ ಕನ್ನಡಕ ಏರಿಸಿ ಹೇಳಿದ್ರು, "ಬೀಗರೇ, ನಿಮ್ಮ ಶತ್ರು ಗುಡುಗು ಅಂದ್ರಲ್ಲ? ಇಲ್ಲೊಂದು ಗುಂಡಿ ಇದೆ, ಒತ್ತಿದ್ರೆ ಹತ್ತಿರ ಇರೋ ಆಟಗಾರರನ್ನ ತೋರಿಸತ್ತೆ ನೋಡಿ. ಅವನು ಇಲ್ಲೇ ಇದಾನೆ. ಇದೇ ಮೇಜಿನ ಹತ್ರ!"

ಅಪ್ಪ ಅಮ್ಮನ್ನ ನೋಡಿದ್ರು. ಅಮ್ಮ ಅಕ್ಕನ್ನ ನೋಡಿದ್ಲು. ಅಕ್ಕ ನನ್ನ ನೋಡಿದ್ಲು. ನಾನು ಮೀನಿನ ತೊಟ್ಟಿ ನೋಡ್ದೆ. ಮೀನೂ ನನ್ನನ್ನೇ ನೋಡ್ತಿತ್ತು!

"ಅಪ್ಪಾ... ನಿಮ್ಮನ್ನ ನಡೆಸೋಣ ಅಂತ..."

ಅಪ್ಪ ಕೂಗಾಡ್ಲಿಲ್ಲ. ಕೂಗಾಡಿದ್ರೆ ಚೆನ್ನಾಗಿತ್ತು. ಬೋಳು ತುಟಿ ಮೇಲೆ ಬೆರಳಾಡಿಸಿ, "ಜೆರಾಕ್ಸ್ ಅಂಗಡೀಲಿ ಕೂತ್ಕೊಂಡು?" ಅಂತ ಕೇಳಿದ್ರು, ಅಷ್ಟೇ. ಬೀಗಿತ್ತಿ ಮಾತ್ರ ಬಿದ್ದೂ ಬಿದ್ದೂ ನಕ್ಕರು. ಆಮೇಲೆ ಕೈ ತೊಳ್ಕೊಂಡು ಬಂದು, ನಾನು ಇಷ್ಟೆಲ್ಲ ಯುದ್ಧ ಮಾಡಿ ಸಾಧಿಸದೇ ಇದ್ದಿದ್ದನ್ನ ಒಂದೇ ಮಾತಲ್ಲಿ ಮಾಡಿ ಮುಗಿಸಿದ್ರು: "ಬನ್ನಿ ಬೀಗರೇ, ಕೆರೆ ಹತ್ರ ದೊಡ್ಡ ಭೂತ ಬರತ್ತಂತೆ. ಒಂದು ಸುತ್ತು ಹೋಗಿ ಬರೋಣ."

ಅಪ್ಪ ಎದ್ರು. ನಡೆದ್ರು! "ನನ್ನೊಬ್ಬಳನ್ನ ಬಿಟ್ಟು ಅದೇನು ಕೆರೆ ಸುತ್ತೋದು?" ಅಂತ ಅಮ್ಮನೂ ಚಪ್ಪಲಿ ಹಾಕಿದ್ಲು. ಅವತ್ತಿಂದ ಮೂರೂ ಜನ ಬೆಳಗ್ಗೆ ಆದ್ರೆ ಕೆರೆ ಹತ್ರ. ಮೊನ್ನೆ ಡಾಕ್ಟರಮ್ಮ ಸಕ್ಕರೆ ನೋಡಿ, "ಹೀಗೇ ನಡೀರಿ" ಅಂತ ಸೂಜಿಯ ಮಾತೇ ಎತ್ಲಿಲ್ಲ.

ಸುಖಾಂತ್ಯ ಅಂದ್ರಾ? ತಡೀರಿ. ಅಪ್ಪ ಕೆರೆಗೆ ಹೋದ್ರೆ ಕೋಟೆ ಕಾಯೋರು ಯಾರು? ಅಮ್ಮನ ತೀರ್ಪು ಬಂತು: "ಮೀಸೆ ಮತ್ತೆ ಬೆಳೆಯೋವರೆಗೂ ಇವನೇ ಕಾಯ್ಲಿ." ಹಾಗಾಗಿ ಗುಡುಗು ಈಗ ಪಕ್ಷಾಂತರ ಮಾಡಿ, ಕೆಲಸಕ್ಕೆ ಹೋಗೋಕೆ ಮುಂಚೆ ಅಪ್ಪನ ಬಾವುಟ ಕಾಯ್ತಿದಾನೆ. ಎಲ್ಲಿ ಕೂತು? ಕೊನೇ ಕುರ್ಚೀಲಿ! ಆ ಕಟಕಟ ಸದ್ದು ಏನು ಅಂತ ಈಗ ಗೊತ್ತಾಯ್ತಲ್ಲ?

ಶೇವ್ ಆಗಿದೆ. ಮಾಲೀಶೂ ಆಗಿದೆ. ಪಕ್ಕದ ಕೂದಲೆಲ್ಲ ಹೋಗಿದೆ. ಈಗಷ್ಟೇ ಅಪ್ಪನ ಮೆಸೇಜು: "ಬೀಗಿತ್ತಿ ಇನ್ನೊಂದು ಸುತ್ತು ಅಂತಿದಾರೆ. ಲೇಟಾಗತ್ತೆ. ನಾನು ಬರೋವರೆಗೂ ಕುರ್ಚಿ ಬಿಡ್ಬೇಡ."

ಏನಣ್ಣಾ? ಹಾಂ? ಉಳಿದಿರೋದು ಜುಟ್ಟು ಒಂದೇನಾ? ಕ್ಯೂ ಇದೆಯಾ? ಅಣ್ಣಾ, ಒಂದೇ ಒಂದು ನಿಮಿಷ, ದಮ್ಮಯ್ಯ!

ಅಕ್ಕಾ! ಈ ನೋಟ್ ನಿನಗೂ ಕಳಿಸ್ತಿದೀನಿ. ಅಪ್ಪ ನಡೀತಿದಾರೆ, ನೀನು ಕೊಟ್ಟ ಮಾತು ಮಾತೇ. ನಮಸ್ಕಾರ ಹಾಕೋದಿದ್ರೆ ಬೇಗ ಓಡಿ ಬಾರೇ, ಜುಟ್ಟು ಇನ್ನೂ ತಲೆ ಮೇಲೇ ಇದೆ!