ಹುಳದ ಮನೆ ಇಂಜಿನಿಯರು

ಅಂದುಕೊಂಡದ್ದು ಆಗಲಿಲ್ಲ ಎಂದು ಸೋತವನು ಹೇಳಿದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಅದೇ ಮಾತನ್ನು ನಾಲ್ಕು ಕಾಸು ಕಂಡವನು ಹೇಳಿದರೆ, ಇವನಿಗೆ ಕೊಬ್ಬು ಎನ್ನುತ್ತಾರೆ. ನನ್ನದು ಎರಡನೆಯ ಪಾಡು. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು, ಕೋಲಾರ, ನಾಲ್ಕು ಊರಿನಲ್ಲೂ ನನ್ನ ಕಚೇರಿ ಇದೆ. ಯಾರಾದರೂ ಬಂದು, ಇಷ್ಟು ದೊಡ್ಡ ಸಂಸ್ಥೆ ಹೇಗೆ ಬೆಳೆಸಿದಿರಿ ಸ್ವಾಮಿ, ಎಂದು ಕೇಳಿದರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಬೆಳೆಸಿದ್ದಿದ್ದರೆ ತಾನೇ ಹೇಳುವುದು? ಅದನ್ನು ಬೆಳೆಸಿದ್ದು ರೇಷ್ಮೆಹುಳ.

ಎಪ್ಪತ್ತರ ದಶಕದ ಮೊದಲಲ್ಲಿ ಬೆಂಗಳೂರಿನಲ್ಲಿ ವಾಸ್ತುಶಿಲ್ಪ ಓದಿ ಮುಗಿಸಿದಾಗ ನನ್ನ ತಲೆಯಲ್ಲಿ ಇದ್ದದ್ದು ಬೆಳಕು ಮತ್ತು ಗಾಳಿ, ಅವೆರಡೇ. ನಮ್ಮ ಮೇಷ್ಟ್ರು ಕಲಿಸಿದ್ದೂ ಅವೆರಡೇ. ಬೆಂಗಳೂರಿನಲ್ಲಿ ಬೆಳಕಿಗೂ ಗಾಳಿಗೂ ಆಗಲೇ ನೂರಾರು ಜನ ಇದ್ದರು. ಹಾಗಾಗಿ ಶ್ರೀನಿವಾಸಪುರದ ಬಸ್ ನಿಲ್ದಾಣದ ಎದುರು, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬೋರ್ಡು ಹಾಕಿದೆ. ಮೊದಲ ವರ್ಷ ಮೆಟ್ಟಿಲು ಹತ್ತಿ ಬಂದವರಲ್ಲಿ ಹೆಚ್ಚಿನವರು ಸರ್ವೆಯವರನ್ನು ಹುಡುಕಿಕೊಂಡು ಬಂದವರು, ಉಳಿದವರು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಕೇಳಲು ಬಂದವರು. ಮುಳಬಾಗಿಲಿನ ನನ್ನ ಮಾವನವರು ಲೆಕ್ಕಪತ್ರದ ಕೆಲಸದಲ್ಲಿದ್ದವರು, ಅನಾವಶ್ಯಕ ಮಾತಾಡುವವರಲ್ಲ. ಮೇಸ್ತ್ರಿ ಇರುವಾಗ ನೀವು ಏನು ಮಾಡುತ್ತೀರಿ ಎಂದು ಒಂದೇ ಒಂದು ಸಲ ಕೇಳಿದರು. ನಾನು ಗಾಳಿ, ಬೆಳಕು ಎಂದು ವಿವರಿಸಿದೆ. ಅವರು ಎದ್ದು ಹೋಗಿ ಕಿಟಕಿ ತೆಗೆದು ಬಂದು ಕೂತರು.

ಅಂಥ ಹೊತ್ತಿನಲ್ಲಿ ಬಂದವರು ಗೌನಿಪಲ್ಲಿಯ ನಾರಾಯಣಪ್ಪ. ಮಾವಿನ ತೋಪು ಇದ್ದವರು. ಹೊಸ ಮನೆ ಕಟ್ಟಬೇಕು, ಹಜಾರ ಮಾತ್ರ ಭರ್ಜರಿಯಾಗಿರಬೇಕು, ಮಿಕ್ಕಿದ್ದು ಹೇಗಿದ್ದರೂ ನಡೆಯುತ್ತದೆ ಎಂದರು. ಹಳ್ಳಿಯಲ್ಲಿ ಇಂಥ ರಸಿಕರೂ ಇದ್ದಾರಲ್ಲ ಎಂದು ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಎತ್ತರದ ಛಾವಣಿ, ಮೂಡಲಿಗೆ ಸಾಲು ಕಿಟಕಿ, ಬೆಳಗಿನ ಬಿಸಿಲು ನೆಲದ ಮೇಲೆ ನಡೆದುಕೊಂಡು ಬಂದು ಮನೆಯ ಯಜಮಾನರ ಕಾಲ ಬಳಿ ಕೂರಬೇಕು, ಹಾಗೆ ಬರೆದೆ. ಕುರ್ಚಿ ಎಲ್ಲಿ ಹಾಕಬೇಕೆಂದೂ ಗುರುತು ಮಾಡಿದೆ. ಗೃಹಪ್ರವೇಶ ಆಗಿ ತಿಂಗಳೊಪ್ಪತ್ತಿನಲ್ಲಿ, ನನ್ನ ಹೆಂಡತಿ ಸರಸುಗೆ ತೋರಿಸೋಣ ಎಂದು ಅವಳನ್ನೂ ಕರೆದುಕೊಂಡು ಹೋದೆ. ನಾರಾಯಣಪ್ಪನವರ ಹೆಂಡತಿ ವೆಂಕಟಮ್ಮ ಬಾಗಿಲಲ್ಲೇ ತಡೆದರು. ಸರಸು ಮುಡಿದ ಮಲ್ಲಿಗೆ ಒಳಗೆ ಬರಕೂಡದು, ನನ್ನ ಕ್ರಾಪಿನ ಎಣ್ಣೆ ಒಳಗೆ ಬರಕೂಡದು. ಸಂದಿಯಲ್ಲಿ ಇಣುಕಿದೆ. ನನ್ನ ಸಾಲು ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು. ಬಿಸಿಲು ನಡೆದು ಬರಬೇಕಾದಲ್ಲಿ ನೆಲದಿಂದ ಛಾವಣಿವರೆಗೆ ಬಿದಿರು ತಟ್ಟೆಗಳು, ತಟ್ಟೆ ತುಂಬ ರೇಷ್ಮೆಹುಳ; ಹೂವಿನ, ಎಣ್ಣೆಯ ವಾಸನೆ ಸೋಕಿದರೆ ಅವಕ್ಕೆ ಆಗದಂತೆ. ಮನೆಮಂದಿ ಎಲ್ಲಿ ಮಲಗುತ್ತೀರಿ ಎಂದು ಕೇಳಿದೆ. ಹಿತ್ತಲ ಪಡಸಾಲೆಯಲ್ಲಿ ಎಂದರು. ಬಸ್ ಇಳಿಯುವಾಗ ಸರಸು, ಹಜಾರ ಚೆನ್ನಾಗಿದೆ, ಎಂದಳು. ಅವಳ ತುಟಿಯಲ್ಲಿ ನಗು ಇದೆಯೋ ಎಂದು ನೋಡಲು ನನಗೆ ಧೈರ್ಯ ಬರಲಿಲ್ಲ.

ಆ ಸಲ ಅವರಿಗೆ ರೇಷ್ಮೆಗೂಡಿನ ಬೆಳೆ ಚೆನ್ನಾಗಿ ಬಂದುಬಿಟ್ಟಿತು. ಅಲ್ಲಿಗೆ ನನ್ನ ಹಣೆಬರಹ ತೀರ್ಮಾನವಾಯಿತು. ಆ ಇಂಜಿನಿಯರು ಕಟ್ಟಿದ ಮನೆ ಹುಳಕ್ಕೆ ಒಗ್ಗುತ್ತದೆ ಎಂದು ಸಂತೆಯಿಂದ ಸಂತೆಗೆ ಸುದ್ದಿ ಹಬ್ಬಿತು. ಮುಳಬಾಗಿಲಿನವರು ಬಂದರು, ಮಾಲೂರಿನವರು ಬಂದರು, ಅಲ್ಲೆಲ್ಲ ಒಂದೊಂದು ಕೋಣೆ ಹಿಡಿದು ಕಚೇರಿ ಮಾಡಿದೆ. ಬಂದವರೆಲ್ಲರದೂ ಒಂದೇ ಮಾತು: ಹುಳಕ್ಕೆ ಒಳ್ಳೆ ಹಜಾರ, ಮನುಷ್ಯರಿಗೆ ಪಕ್ಕದಲ್ಲಿ ಏನಾದರೂ ಒಂದು. ಬೆಳೆ ಬಂದರೆ ಅದು ದೇವರ ದಯೆ, ಹೋದರೆ ನನ್ನ ಕಿಟಕಿಯ ತಪ್ಪು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ನಾಲ್ಕು ಸಲ ಜ್ವರ ಕೂತು ಎದ್ದರೆ ಗೂಡು ಕಟ್ಟುತ್ತದೆ. ಒಮ್ಮೆ ನಾನೇ ಜ್ವರ ಬಂದು ಮಲಗಿದ್ದೆ. ಮಾಲೂರಿನಿಂದ ಒಬ್ಬರು ನೋಡಲು ಬಂದರು. ಅಷ್ಟು ದೂರದಿಂದ ಬಂದರಲ್ಲ ಎಂದು ನನ್ನ ಕಣ್ಣು ತುಂಬಿತು. ಬಂದವರು ಮಂಚದ ಪಕ್ಕ ಕೂತು, ಅವು ಮೂರನೇ ಜ್ವರದಿಂದ ಏಳುತ್ತಿಲ್ಲ, ಉತ್ತರದ ಕಿಟಕಿ ಮುಚ್ಚಲೋ ಬಿಡಲೋ ಎಂದು ಕೇಳಿದರು. ನನ್ನ ಹಣೆ ಮುಟ್ಟಿ ನೋಡುವ ಸೌಜನ್ಯವೂ ಇಲ್ಲ.

ಆಮೇಲೆ ಎಂಬತ್ತರ ದಶಕದಲ್ಲಿ ಊಜಿ ನೊಣ ಬಂತು. ಹುಳದ ಮೇಲೆ ಮೊಟ್ಟೆ ಇಟ್ಟು ಬೆಳೆಯನ್ನೇ ತಿಂದುಹಾಕುವ ನೊಣ. ಊರೂರೇ ಬೆದರಿತು. ಕಿಟಕಿಗೆಲ್ಲ ಬಲೆ ಹೊಡೆದು, ಬಾಗಿಲಿಗೊಂದು ಮುಂಗೋಣೆ ಇಟ್ಟು, ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದನ್ನು ತೆಗೆಯುವ ಹಾಗೆ ನಾನೊಂದು ನಕ್ಷೆ ಬರೆದುಕೊಟ್ಟೆ. ನೂಕುನುಗ್ಗಲಾಯಿತು. ಬೇರೆ ವಾಸ್ತುಶಿಲ್ಪಿಗಳನ್ನು ಮಂತ್ರಿಗಳು ಮೇಲೆ ತರುತ್ತಾರೆ, ನನ್ನನ್ನು ನೊಣ ಮೇಲೆ ತಂದಿತು. ಸಂಪಾದನೆ ಆಯಿತು, ಕೋಲಾರದಲ್ಲಿ ಸ್ವಂತ ಮನೆ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಮನುಷ್ಯರು ಒಳಗೆ ಬಂದು, ತಲೆಯೆತ್ತಿ ನೋಡಿ, ಆಹಾ ಎನ್ನುವ ಒಂದೇ ಒಂದು ಕಟ್ಟಡ ಕಟ್ಟಬೇಕೆಂಬ ಆಸೆ ಒಳಗೊಳಗೇ ಕೊರೆಯುತ್ತಿತ್ತು.

ಆಗಲೇ ಕೋಲಾರದಲ್ಲಿ ದೊಡ್ಡ ಕಲ್ಯಾಣಮಂಟಪ ಕಟ್ಟುವ ಸುದ್ದಿ ಬಂತು. ನಾನು ನಿದ್ದೆಗೆಟ್ಟು ನಕ್ಷೆ ಬರೆದೆ. ಸಮಿತಿಯ ಅಧ್ಯಕ್ಷರು ಬಟ್ಟೆ ವ್ಯಾಪಾರಿ, ಅನುಕೂಲಸ್ಥರು. ನಕ್ಷೆ ಅವರಿಗೆ ಹಿಡಿಸಿತು. ಕಾಗದದ ಮೇಲೆ ಎಲ್ಲ ಚೆನ್ನಾಗಿಯೇ ಇರುತ್ತದೆ, ನೀವು ಕಟ್ಟಿದ ಒಂದು ಹಜಾರದೊಳಗೆ ನಿಂತು ನೋಡಬೇಕು, ನೋಡಿದರೆ ಕೆಲಸ ನಿಮ್ಮದೇ, ಎಂದರು. ಗೌನಿಪಲ್ಲಿಯ ಹಜಾರಕ್ಕಿಂತ ಚೆಂದದ್ದನ್ನು ನಾನು ಕಟ್ಟಿರಲಿಲ್ಲ. ನಾರಾಯಣಪ್ಪ, ಅದಕ್ಕೇನು, ಬನ್ನಿ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸಮಿತಿಯ ಅಂಬಾಸಿಡರ್ ಕಾರು ಮನೆ ಮುಂದೆ ನಿಂತಾಗ ವೆಂಕಟಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು.

"ಲೋಪಲ್ಕಿ ರಾವೊದ್ದು ಸಾರ್," ಎಂದು ತೆಲುಗಿನಲ್ಲಿ ಹೇಳಿ, ಪೇಟೆಯವರಿಗೆ ಅರ್ಥವಾಗಲೆಂದು ಮತ್ತೆ ಕನ್ನಡದಲ್ಲಿ, "ಒಳಗೆ ಬರ್ಬೇಡಿ. ನಾಲ್ಕನೇ ಜ್ವರ ಎದ್ದು ಮೇಯ್ತಾ ಅವೆ," ಎಂದರು.

ನಾರಾಯಣಪ್ಪ ಮಾವಿನ ಮರದಲ್ಲಿ ಏನನ್ನೋ ಹುಡುಕತೊಡಗಿದರು. ನಾನು ವೆಂಕಟಮ್ಮನವರನ್ನು ಪಕ್ಕಕ್ಕೆ ಕರೆದು ಬೇಡಿಕೊಂಡೆ. ಇಷ್ಟು ವರ್ಷ ಹುಳಕ್ಕೇ ಕಟ್ಟಿದ್ದೇನೆ, ಇದೊಂದು ಸಿಕ್ಕರೆ ನನ್ನ ಓದು ಸಾರ್ಥಕ, ಒಂದೇ ಒಂದು ಗಳಿಗೆ ಬಾಗಿಲು ಬಿಡಿ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮ್ ಕಷ್ಟ ನಂಗೆ ತಿಳಿತದೆ ಸಾರ್. ಈ ಬೆಳೆ ನಂಬ್ಕೊಂಡು ದೊಡ್ ಮಗಳ ಮದುವೆ ಇಟ್ಕೊಂಡಿದೀವಿ. ಮನೆ ಕಟ್ಟಿದೋರು ನೀವು. ನೀವು ಬಿಡು ಅಂದ್ರೆ ಬಿಡ್ತೀನಿ." ಹಾಗೆಂದು ನಿಜಕ್ಕೂ ಪಕ್ಕಕ್ಕೆ ಸರಿದರು.

ಅವರು ಸರಿಯದೇ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಧ್ಯಕ್ಷರು ಮುಂದೆ ಬಂದು ಬಾಗಿಲಿಗೆ ಕೈ ಹಾಕಿದರು. ಅವರ ಅತ್ತರಿನ ವಾಸನೆ ಅವರಿಗಿಂತ ಮುಂಚೆ ಹೊಸ್ತಿಲು ದಾಟುತ್ತಿತ್ತು. ಒಳಗಿನಿಂದ ಸೊಪ್ಪು ಮೇಯುವ ಸದ್ದು, ಸಣ್ಣಗೆ ಮಳೆ ಹಿಡಿದ ಹಾಗೆ. ನಾನು ಸುಮ್ಮನಿದ್ದರೆ ಸಾಕಿತ್ತು. ಅಷ್ಟರಲ್ಲಿ ನನ್ನ ಕೈ ಹೋಗಿ ಅಧ್ಯಕ್ಷರ ರಟ್ಟೆ ಹಿಡಿದುಕೊಂಡಿತು.

"ಬೇಡ ಸಾರ್. ಅತ್ತರು ಹಾಕಿದೀರಿ. ಹುಳ ತಡಿಯಲ್ಲ."

ಅವರು ನನ್ನ ಕೈಯನ್ನು ನೋಡಿದರು, ಮುಖವನ್ನು ನೋಡಿದರು. ನೀವು ಮಂಟಪ ಕಟ್ಟೋರೋ, ಹುಳ ಕಾಯೋರೋ ಎಂದು ಕೇಳಿ ಕಾರು ಹತ್ತಿದರು. ನನ್ನನ್ನು ಕರೆಯಲಿಲ್ಲ. ಬಸ್ಸಿನಲ್ಲಿ ಕೂತು ನನ್ನ ಬಾಯಿಯನ್ನೂ ಕೈಯನ್ನೂ ಕೋಲಾರದವರೆಗೆ ಬೈದುಕೊಂಡು ಬಂದೆ. ಮನೆಯಲ್ಲಿ ಸರಸುಗೆ ಹೇಳಿದರೆ, ಒಳ್ಳೇದೇ ಮಾಡಿದ್ರಿ, ಎಂದಳು. ಅವಳಾದರೂ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮಂಟಪ ಬೆಂಗಳೂರಿನವರ ಪಾಲಾಯಿತು. ಅಧ್ಯಕ್ಷರನ್ನೇ ಹೊಸ್ತಿಲಿನಿಂದ ವಾಪಸ್ಸು ಕಳಿಸಿದ ಇಂಜಿನಿಯರು ಎಂಬ ಖ್ಯಾತಿ ಹಬ್ಬಿ, ಜನ ಕೋಲಾರಕ್ಕೇ ಹುಡುಕಿಕೊಂಡು ಬರತೊಡಗಿದರು. ಕೋಲಾರದ ಕಚೇರಿ ತೆರೆದದ್ದು ಹೀಗೆ. ಇದನ್ನು ಬೆಳವಣಿಗೆ ಎನ್ನುವವರು ಎನ್ನಲಿ.

ಒಂದೆರಡು ವರ್ಷ ಕಳೆದು ವೆಂಕಟಮ್ಮನವರ ಕಿರಿಯ ಮಗಳ ಮದುವೆ ಅದೇ ಮಂಟಪದಲ್ಲಿ ಆಯಿತು. ಹೋಗಬಾರದೆಂದುಕೊಂಡವನು ಸರಸುವಿನ ಬಲವಂತಕ್ಕೆ ಹೋದೆ. ಧಾರೆಯ ಹೊತ್ತು, ಸೆಖೆಗೆ ಜನ ಲಗ್ನಪತ್ರಿಕೆಯಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ವೆಂಕಟಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ನಿಂತರು.

"ಗಾಳೀನೇ ಇಲ್ಲ ಸಾರ್ ಇಲ್ಲಿ. ಹುಳ ಇಟ್ಟಿದ್ರೆ ಒಂದೂ ಉಳೀತಿರ್ಲಿಲ್ಲ."

ಇಷ್ಟು ವರ್ಷದಲ್ಲಿ ನನ್ನ ಓದಿಗೆ ಸಿಕ್ಕ ಮರ್ಯಾದೆ ಅದೊಂದೇ. ಆದರೆ ಹಿಗ್ಗುವುದಕ್ಕೂ ನನಗೆ ಮುಖವಿರಲಿಲ್ಲ. ಏಕೆಂದರೆ ಬಂದು ಕೂತಾಗಿನಿಂದ ನಾನು ಮದುಮಕ್ಕಳನ್ನು ನೋಡಿರಲೇ ಇಲ್ಲ. ಪಡುವಲ ಕಡೆಗೆ ಎರಡು ಕಿಟಕಿ ಒಡೆಸಿ ಬಲೆ ಹೊಡೆಸಿದರೆ ಈ ಹಜಾರದಲ್ಲಿ ಹುಳದ ತಟ್ಟೆ ಎಷ್ಟು ಹಿಡಿಯಬಹುದು ಎಂದು ಲೆಕ್ಕ ಹಾಕುತ್ತ ಕೂತಿದ್ದೆ.